ಬರೀ ಚುಕ್ಕಿ

ಶುಕ್ರವಾರ ಗೊರವನಹಳ್ಳಿಗೆ ಬೇಗ ಬೆಳಗಾಗುತ್ತದೆ. ತೀತಾ ಜಲಾಶಯದ ಕಡೆಯಿಂದ ಥಂಡಿ ಗಾಳಿ ಬೀಸುತ್ತಿರುವಾಗಲೇ ಮಹಾಲಕ್ಷ್ಮಿ ಗುಡಿಯ ಬೀದಿಯಲ್ಲಿ ಬಾಗಿಲಿಗೆ ನೀರು ಹಾಕುವ ಸದ್ದು. ಪೂಜೆ ನಿಂತುಹೋಗಿದ್ದ ಈ ಗುಡಿಯಲ್ಲಿ ಮತ್ತೆ ದೀಪ ಹಚ್ಚಿದವರು ಕಮಲಮ್ಮ. ಅದಕ್ಕೋ ಏನೋ, ಇಲ್ಲಿ ಬಗ್ಗಿ ಕೆಲಸ ಮಾಡುವ ಹೆಂಗಸರನ್ನು ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

ಇವತ್ತು ಒಬ್ಬಾಕೆ ರಂಗೋಲಿ ಬಿಡುತ್ತಿದ್ದರು. 7ರಿಂದ 4, ಸಂದು ಚುಕ್ಕಿ, ಒಟ್ಟು 37. ಹೆಬ್ಬೆರಳು ತೋರುಬೆರಳಿನ ನಡುವೆ ಪುಡಿ ಎಳೆಯಾಗಿ ಇಳಿಯುತ್ತಿತ್ತು. ಒಂದು ಕಡೆ ಎಳೆ ತಪ್ಪಿತು. ಒರೆಸಲಿಲ್ಲ, ತಪ್ಪಿದ ಗೆರೆಗೇ ಒಂದು ಎಲೆ ಸೇರಿಸಿ ಮುಂದೆ ಹೋದರು.

ನೋಡುತ್ತ ಅತ್ತಿಗೆಯ ನೆನಪಾಯಿತು. ಸಾವಾದ ಮನೆಯ ಮುಂದೆ ಸೂತಕ ಕಳೆಯುವವರೆಗೆ ರಂಗೋಲಿ ಇಲ್ಲ. ಅಣ್ಣನ ತಿಥಿ ಮುಗಿದ ಮಾರನೆ ದಿನ ಅತ್ತಿಗೆ ಪುಡಿ ಡಬ್ಬಿ ಹಿಡಿದು ಹೊರಗೆ ಬಂದರು. "ನೀನ್ಯಾಕಮ್ಮ?" ಅಂದರು ದೊಡ್ಡಮ್ಮ. "ಅವಳೇ ಬಿಡ್ಲಿ ಬಿಡಕ್ಕ" ಅಂದಳು ಅಮ್ಮ. ಅವತ್ತು ಬರೀ ಚುಕ್ಕಿ. ಮೂರು ದಿನ ಹಾಗೇ, ಸೇರಿಸದ ಚುಕ್ಕಿ. ನಾಲ್ಕನೆಯ ದಿನ ಎಳೆ ಬಂತು. ಅವತ್ತೇ ಅತ್ತಿಗೆ ಜೋರಾಗಿ ಅತ್ತಿದ್ದು.

ಕಲೆಯಿಂದ ಮನಸ್ಸು ಹಗುರಾಗುತ್ತದೆ ಎನ್ನುವ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೈಸೂರು ಜೈಲಿನ ಕೈದಿಗಳಿಗೆ ರಂಗಾಯಣದ ಹುಲುಗಪ್ಪ ಕಟ್ಟೀಮನಿ ನಾಟಕ ಕಲಿಸಿದರು. ಕೈದಿಗಳು ಆಡಿದ್ದರಲ್ಲಿ ಎಚ್.ಎಸ್. ಶಿವಪ್ರಕಾಶರ 'ಮಾರನಾಯಕನ ದೃಷ್ಟಾಂತ'ವೂ ಒಂದು. ಅದು ಕನ್ನಡದ ಮಣ್ಣಿಗಿಳಿದ ಮ್ಯಾಕ್‌ಬೆತ್: ಕೊಂದವನ ಕಥೆ, ಕೊಂದ ಮೇಲೆ ನಿದ್ದೆಗೆಟ್ಟವನ ಕಥೆ. ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದವರು ಅದಕ್ಕೆ ಬಣ್ಣ ಹಚ್ಚಿಕೊಂಡು ಜನರೆದುರು ನಿಂತರು. ಆ ವೇಷ ಹಗುರಾಗಿತ್ತೆ? ಒಳಗಿದ್ದ ಭಾರ ಎದುರಿಗೆ ಬಂದು ಕೂತಿರಬೇಕು, ಅಷ್ಟೆ. ಎದುರಿಗೆ ಕೂತಿದ್ದನ್ನು ಕಣ್ಣಿಟ್ಟು ನೋಡಬಹುದು. ಒಳಗೇ ಇದ್ದರೆ ಅದೇ ನಮ್ಮನ್ನು ನೋಡುತ್ತಿರುತ್ತದೆ.

ಅತ್ತಿಗೆ ಈಗಲೂ ಹೊಸ ರಂಗೋಲಿ ಶುರು ಮಾಡುವ ಮುಂಚೆ ಚುಕ್ಕಿಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ. ಯಾಕೆಂದು ನಾವು ಕೇಳಿಲ್ಲ.

ಗುಡಿಯ ಬೀದಿಗೆ ಮೊದಲ ಬಸ್ಸು ಬಂತು. ಇಳಿದವರ ನಡುವಿಂದ ಒಂದು ಮಗು ಓಡಿಬಂದು ರಂಗೋಲಿಯ ಮೇಲೇ ಹಾದುಹೋಯಿತು. ರಂಗೋಲಿ ಬಿಡುತ್ತಿದ್ದಾಕೆ ತಲೆಯೆತ್ತಿ ನೋಡಿ ನಕ್ಕರು. ಬಟ್ಟಲಲ್ಲಿ ಉಳಿದ ಪುಡಿಯನ್ನು ಡಬ್ಬಿಗೆ ಸುರಿದು, ಮುಚ್ಚಳ ಒತ್ತಿ ಒಳಗೆ ಹೋದರು.