ಅಂಕ ನಮ್ಮದು, ಕುರ್ಚಿ ಯಾರದು?

ಫಲಿತಾಂಶ ಬಂದ ದಿನ ನಮ್ಮ ತೊರಗಲ್ಲ ನಾಡಿನ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ಒಂದೇ: ‘ಎಷ್ಟ ಬಿದ್ದಾವ?’ ಹಿಂದೆ ಅದು ಹತ್ತನೆಯ ತರಗತಿಗೆ ಮುಗಿಯುತ್ತಿತ್ತು. ಆಮೇಲೆ ಸಿಇಟಿಯವರೆಗೆ ಬೆಳೆಯಿತು. ಈಗ ಬೈಲಹೊಂಗಲದ ಹುಡುಗ ವ್ಯವಹಾರ ಶಿಕ್ಷಣದ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್ ಬರೆದು ಮಿಲಾನಿನ ಬೊಕ್ಕೋನಿಗೋ ಪ್ಯಾರಿಸ್ಸಿನ ಎಚ್‌ಇಸಿಗೋ ಅರ್ಜಿ ಹಾಕಿದ್ದಾನೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಪ್ರಶ್ನೆ ಇಷ್ಟು ದೂರ ಪಯಣಿಸಿದೆ. ಅದರ ಅರ್ಥವನ್ನು ನಾವು ಅಷ್ಟೇ ದೂರ ಯೋಚಿಸಿದ್ದೇವೆಯೇ?

ಇಂದಿನ ಜಿಮ್ಯಾಟ್ 205ರಿಂದ 805ರ ನಡುವೆ ಒಂದು ಸಂಖ್ಯೆ ಕೊಡುತ್ತದೆ. ಅದೇ ವಿದ್ಯಾರ್ಥಿ ಮತ್ತೊಂದು ದಿನ ಕುಳಿತರೆ ಆ ಸಂಖ್ಯೆ ಮೂವತ್ತು ನಲವತ್ತು ಅತ್ತಿತ್ತ ಸರಿಯಬಹುದು ಎಂಬುದನ್ನು ಪರೀಕ್ಷೆ ನಡೆಸುವವರೇ ಒಪ್ಪುತ್ತಾರೆ. ಹಾಗಾದರೆ 645 ಪಡೆದವಳಿಗೂ 665 ಪಡೆದವನಿಗೂ ನಡುವೆ ನಿಜವಾದ ಅಂತರ ಇದೆಯೋ ಇಲ್ಲವೋ, ಯಾರು ಹೇಳಬಲ್ಲರು? ಆದರೂ ಬಾಗಿಲು ಒಬ್ಬರಿಗೆ ತೆರೆಯುತ್ತದೆ, ಇನ್ನೊಬ್ಬರಿಗೆ ಮುಚ್ಚುತ್ತದೆ. ಬೈಲಹೊಂಗಲದ ಪೇಟೆಗೆ ಹತ್ತಿ ಒಯ್ದ ಒಕ್ಕಲಿಗನಿಗೆ ಇದು ಹೊಸದಲ್ಲ. ತಕ್ಕಡಿ ಹೇಳುವುದು ತೂಕವನ್ನು. ದರವನ್ನು ಹೇಳುವುದು ಆ ದಿನ ಪೇಟೆಗೆ ಬಂದ ಮಾಲು. ಕಟ್‌ಆಫ್ ಎಂಬುದೂ ಹೀಗೆಯೇ. ಅದು ಮಗುವಿನ ಗುಣವಲ್ಲ, ಸೀಟುಗಳ ಮತ್ತು ಅರ್ಜಿಗಳ ಲೆಕ್ಕ. ಸೀಟು ತಪ್ಪಿದ ಮಗಳ ಮುಖ ನೋಡುವಾಗ ಮನೆಯ ಹಿರಿಯರಿಗಾದರೂ ಇದು ನೆನಪಿರಬೇಡವೆ? ದರ ಇಳಿಯಿತೆಂದು ಹತ್ತಿಯನ್ನು ಬೈಯುವ ಒಕ್ಕಲಿಗನನ್ನು ನಾವು ಕಂಡಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಪರೀಕ್ಷೆಯನ್ನು ಹಳಿದಂತಾಗಬಾರದು. ಉತ್ತರ ತಿದ್ದುವ ಯಂತ್ರಕ್ಕೆ ಅಡ್ಡಹೆಸರು ಗೊತ್ತಿಲ್ಲ, ಗೌಡಕಿ ಗೊತ್ತಿಲ್ಲ. ರಾಮದುರ್ಗದ ನೇಕಾರರ ಮಗಳೂ ಮುಂಬಯಿಯ ಉದ್ಯಮಿಯ ಮಗನೂ ಅದರ ಮುಂದೆ ಸಮಾನರು. ವಶೀಲಿಗಿಂತ ಅಂಕ ಮೇಲು ಎಂಬುದನ್ನು ಯಾರ ಪರಿಚಯವೂ ಇಲ್ಲದ ಮನೆಯವರು ಮೊದಲು ಬಲ್ಲರು. ಆದರೆ ಆ ಸಮಾನತೆ ಶುರುವಾಗುವುದು ಪರೀಕ್ಷಾ ಕೊಠಡಿಯ ಒಳಗೆ. ಶುಲ್ಕವೇ ಮುನ್ನೂರು ಡಾಲರಿನ ಹತ್ತಿರ. ಮಗ್ಗದ ಮನೆಯೊಂದು ಆ ಮೊತ್ತವನ್ನು ಎಷ್ಟು ಸೀರೆಗಳಲ್ಲಿ ಎಣಿಸಬೇಕು? ಕೋಚಿಂಗಿನ ಖರ್ಚು ಬೇರೆ, ಪರಭಾಷೆಯಲ್ಲಿ ಗಡಿಯಾರದೊಡನೆ ಓಡುವ ಅಭ್ಯಾಸ ಬೇರೆ. ಕೊಠಡಿಯ ಬಾಗಿಲಿನವರೆಗಿನ ದಾರಿ ಯಾವ ಅಂಕಪಟ್ಟಿಯಲ್ಲೂ ನಮೂದಾಗುವುದಿಲ್ಲ.

ನಮೂದಾಗದ ಇನ್ನೊಂದು ಸಂಗತಿಯಿದೆ. ನನ್ನ ಮಟ್ಟಿಗೆ ಅದೇ ದೊಡ್ಡದು. ನಮ್ಮ ಮಕ್ಕಳು ಹಂಬಲಿಸುವ ಆ ಬೊಕ್ಕೋನಿ ಹುಟ್ಟಿದ್ದು ಹೇಗೆ? ಫೆರ್ಡಿನಾಂಡೊ ಬೊಕ್ಕೋನಿ ಮಿಲಾನಿನಲ್ಲಿ ಬಟ್ಟೆಬರೆ ಮಾರುವ ದೊಡ್ಡ ಮಳಿಗೆ ಕಟ್ಟಿದ ವ್ಯಾಪಾರಿ. ಅವನ ಮಗ ಲುಯಿಜಿ 1896ರಲ್ಲಿ ಇಥಿಯೋಪಿಯದ ಅಡ್ವಾ ಕಾಳಗಕ್ಕೆ ಹೋದವನು ಮರಳಲಿಲ್ಲ. 1902ರಲ್ಲಿ ತಂದೆ ಮಗನ ಹೆಸರಿನಲ್ಲಿ ವಾಣಿಜ್ಯ ವಿಶ್ವವಿದ್ಯಾಲಯ ತೆರೆದ. ಇಂದಿಗೂ ಅದರ ಪೂರ್ತಿ ಹೆಸರಿನಲ್ಲಿ ಲುಯಿಜಿ ಇದ್ದಾನೆ. ಜಾಗತಿಕ ಪಟ್ಟಿಯಲ್ಲಿ ಅದರ ಸ್ಥಾನ ಎಷ್ಟನೆಯದೆಂದು ಬಾಯಿಪಾಠ ಒಪ್ಪಿಸುವ ಹುಡುಗರಿಗೆ ಈ ಲುಯಿಜಿ ಯಾರೆಂದು ಕೇಳಿ ನೋಡಬೇಕು.

ಅದೇ ಕಾಲದಲ್ಲಿ ಸವದತ್ತಿ ಸೀಮೆಯ ಶಿರಸಂಗಿಯಲ್ಲಿ ಏನಾಯಿತು? ಶಿಗ್ಲಿಯಲ್ಲಿ ಹುಟ್ಟಿ, ದತ್ತಕ ಬಂದು ದೇಸಾಯಿಯಾದ ಲಿಂಗರಾಜರು 1906ರಲ್ಲಿ ತೀರಿಕೊಂಡರು. ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಹೋದರು. ಒಬ್ಬನಿಗೆ ಮಗನ ಸಾವು, ಇನ್ನೊಬ್ಬರಿಗೆ ಮಡಿಲಿಗೆ ಬಂದ ಸಂಪತ್ತಿನ ಭಾರ. ಇಬ್ಬರೂ ಕಂಡುಕೊಂಡ ದಾರಿ ಒಂದೇ: ಪರರ ಮಕ್ಕಳನ್ನು ವಾರಸುದಾರರನ್ನಾಗಿ ಮಾಡಿಕೊಳ್ಳುವುದು. ಲಿಂಗರಾಜರ ದಾನ ಲಿಂಗಾಯತ ಮಕ್ಕಳಿಗೆ ಮೀಸಲಾಗಿತ್ತು; ಅದರ ಈ ಮಿತಿಯನ್ನು ಮರೆಮಾಚಬೇಕಿಲ್ಲ. ಕುಲ ಕೇಳದ ಪರೀಕ್ಷೆ ಆ ಮಟ್ಟಿಗೆ ಅದಕ್ಕಿಂತ ಉದಾರ. ಆದರೆ ಪರೀಕ್ಷೆ ಎಂದೂ ಕೇಳದ ಒಂದು ಪ್ರಶ್ನೆಯನ್ನು ಆ ಮೃತ್ಯುಪತ್ರ ಕೇಳಿತು: ಓದುವ ಆಸೆಯಿದ್ದೂ ಹೋಗಲಾರದ ಮಗು ಯಾರ ಮನೆಯಲ್ಲಿದೆ?

ಅಂಕದ ಸ್ವಭಾವವೇ ನಮ್ಮನ್ನು ಋಣಮುಕ್ತರೆಂದು ನಂಬಿಸುವುದು. ‘ನನ್ನ ಅಂಕ, ನನ್ನ ಸೀಟು’ ಎಂದು ಮಗು ಹೇಳಿದರೆ ಮೊದಲ ಅರ್ಧ ನಿಜ. ಎರಡನೆಯ ಅರ್ಧ ನಿಜವೆ? ಅಂಕ ದುಡಿದದ್ದು ಮಗುವೇ ಇರಬಹುದು, ಕುರ್ಚಿ ಹಾಕಿದವರು ಬೇರೆ. ಪಡೆದದ್ದನ್ನೆಲ್ಲ ಗೆದ್ದದ್ದೆಂದು ಎಣಿಸಿದವನು ಯಾರಿಗೆ ಏನು ಕೊಟ್ಟಾನು? ಅವನ ಲೆಕ್ಕದಲ್ಲಿ ಬಾಕಿಯೇ ಉಳಿದಿರುವುದಿಲ್ಲವಲ್ಲ. ವ್ಯವಹಾರ ಕಲಿಯಲು ಹೊರಟವನಿಗೆ ಜಮೆಯಷ್ಟೇ ಗೊತ್ತಿದ್ದು ಖರ್ಚು ಯಾರ ಹೆಸರಿನಲ್ಲಿ ಬಿದ್ದಿದೆ ಎಂದು ಗೊತ್ತಿಲ್ಲದಿದ್ದರೆ ಅದೆಂಥ ಲೆಕ್ಕವಿದ್ಯೆ?

ಕ್ರಮಾಂಕದ ಹುಚ್ಚು ಯುರೋಪಿಗೂ ಇತ್ತು. ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಮೊದಲ ವರ್ಗ ಪಡೆದವರನ್ನು ರ‍್ಯಾಂಗ್ಲರ್ ಎನ್ನುತ್ತಾರೆ. ಅವರಲ್ಲಿ ಮೊದಲಿಗ ಯಾರು, ಎರಡನೆಯವ ಯಾರು ಎಂದು ಸಾರುವುದು ಅಲ್ಲಿ ಊರ ಜಾತ್ರೆಯಷ್ಟು ದೊಡ್ಡ ಸಂಭ್ರಮವಾಗಿತ್ತು. 1909ರ ನಂತರ ಆ ಸಾರುವಿಕೆಯನ್ನೇ ವಿಶ್ವವಿದ್ಯಾಲಯ ಕೈಬಿಟ್ಟಿತು. ಪಟ್ಟಿ ಉಳಿಯಿತು, ಕ್ರಮಾಂಕ ಹೋಯಿತು. ಅದರಿಂದ ಕೇಂಬ್ರಿಜ್ಜಿನ ಗಣಿತ ಬಡವಾಯಿತೆಂದು ಹೇಳುವವರನ್ನು ಕಾಣೆವು. ನಮ್ಮಲ್ಲಿ ಮಾತ್ರ ಫಲಿತಾಂಶ ಬಂದ ಮರುದಿನ ಫ್ಲೆಕ್ಸ್‌ಗಳು ಎದ್ದು ನಿಲ್ಲುತ್ತವೆ, ಮಕ್ಕಳ ಮುಖಕ್ಕಿಂತ ದೊಡ್ಡ ಅಕ್ಷರದಲ್ಲಿ ಅಂಕಗಳು.

ಕ್ರಮಾಂಕ ಸಾರುವುದು ನಿಂತ ಮೇಲೆ ಅಲ್ಲಿಗೆ ಹೋಗಿ ರ‍್ಯಾಂಗ್ಲರ್ ಆದವರಲ್ಲಿ ನಮ್ಮ ನೆರೆಯ ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರೂ ಒಬ್ಬರು. ಅವರು ಎಷ್ಟನೆಯವರಾಗಿ ಪಾಸಾದರು ಎಂದು ನಾವು ಇಂದು ಕೇಳುವುದಿಲ್ಲ. 1954ರಿಂದ 1967ರವರೆಗೆ ಕುಲಪತಿಗಳಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಬೆಳೆಸಿದ್ದು ಅವರು ಎಂಬುದು ಮಾತ್ರ ಈ ಸೀಮೆಯ ಹಿರಿಯರಿಗೆಲ್ಲ ಗೊತ್ತು. ಅವರ ಹೆಸರಿನ ಪ್ರತಿಷ್ಠಾನ ಇಂದು ಕರ್ನಾಟಕದ ವಿದ್ವಾಂಸರನ್ನು ಕೇಂಬ್ರಿಜ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಕಳಿಸುತ್ತಿದೆ. ಅಲ್ಲಿ ಅವರು ಕೂಡುವ ಕುರ್ಚಿ ಮಮದಾಪುರದಿಂದ ಹೊರಟದ್ದು.