ದಣಿಯದ ಯಂತ್ರಕ್ಕೆ ಮಿತಿ ಯಾವುದು?

ನಮ್ಮ ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಹಿಂದೆ ಕಪಿಲೆ ಹೊಡೆದು ಬಾವಿಯ ನೀರನ್ನು ತೋಟಕ್ಕೆ ಹಾಯಿಸುತ್ತಿದ್ದರು. ಎತ್ತುಗಳು ದಣಿದಾಗ ಕಪಿಲೆ ನಿಲ್ಲುತ್ತಿತ್ತು. ಅಷ್ಟರಲ್ಲಿ ಬಾವಿಯಲ್ಲಿ ನೀರೂ ಊರುತ್ತಿತ್ತು. ಮಿತಿಯನ್ನು ಮನುಷ್ಯನು ಬೇರೆಯಾಗಿ ಕಲಿಯಬೇಕಾಗಿರಲಿಲ್ಲ.

ಕೊಳವೆಬಾವಿಯ ಮೋಟಾರಿಗೆ ದಣಿವೆಂಬುದಿಲ್ಲ. 2004ರಲ್ಲಿ ಆಂಧ್ರ ಸರ್ಕಾರವು ಕೃಷಿಗೆ ಉಚಿತ ವಿದ್ಯುತ್ತನ್ನು ಜಾರಿಗೊಳಿಸಿದ ಮೇಲೆ ಖರ್ಚಿನ ಅಂಕೆಯೂ ಸಡಿಲಿತು. ಕರೆಂಟು ಬಂದೊಡನೆ ಆಟೋ ಸ್ಟಾರ್ಟರು ತಾನೇ ಮೋಟಾರನ್ನು ನಡೆಸುತ್ತದೆ. ಒಡೆಯನು ಮಲಗಿದ್ದರೂ ನೀರು ಹರಿಯುತ್ತದೆ. ಬರದ ಈ ನಾಡಿನಲ್ಲಿ ಇದರಿಂದ ರೈತನಿಗೆ ಆಸರೆಯಾದುದು ದಿಟ. ಇದನ್ನು ಹಳಿಯುವುದು ಕೃತಘ್ನತೆಯಾದೀತು. ಕಪಿಲೆಗೆ ಮರಳಿರೆಂದು ನಾನು ಹೇಳಲಾರೆ.

ಆದರೆ ಒಬ್ಬನು ಆಳಕ್ಕೆ ಕೊರೆಸಿದುದರಿಂದ ನೆರೆಯವನ ಬಾವಿ ಬತ್ತಿದರೆ, ತಪ್ಪು ಯಾರದು? ‘ನನ್ನ ಹೊಲ, ನನ್ನ ನೀರು’ ಎಂಬ ಮಾತು ನ್ಯಾಯವೆಂದೇ ತೋರುತ್ತದೆ. ಹೊಲಕ್ಕೆ ಬದುವುಂಟು, ನೆಲದಡಿಯ ನೀರಿಗೆ ಬದುವಿಲ್ಲ. ಆದುದರಿಂದ ಆ ನೀರು ಒಬ್ಬನ ಸೊತ್ತಲ್ಲ. 2002ರ ಜಲ, ಭೂಮಿ, ವೃಕ್ಷ ಕಾಯಿದೆಯು ಕೊಳವೆಬಾವಿಗೆ ನಿಯಮಗಳನ್ನು ವಿಧಿಸಿದೆ. ಆದರೆ ಪ್ರತಿ ಸ್ವಿಚ್ಚಿನ ಬಳಿಯೂ ಅಧಿಕಾರಿ ನಿಲ್ಲಲಾರನು.

ಭತ್ತವನ್ನು ಬಿಟ್ಟು ಶೇಂಗಾ ಬೆಳೆಯುವುದು, ಹನಿ ನೀರಾವರಿಯನ್ನು ಅಳವಡಿಸುವುದು, ಕೆರೆಯ ಹೂಳೆತ್ತುವುದು ಎಲ್ಲರೂ ಬಲ್ಲ ದಾರಿಗಳೇ. ಅವನ್ನು ಹಿಡಿಯಲು ಬೇಕಾದುದು ‘ಸಾಕು’ ಎಂಬ ಮನಸ್ಸು. ಎತ್ತು ತಾನಾಗಿ ನಿಲ್ಲುತ್ತಿತ್ತು. ಮೋಟಾರನ್ನು ನಾವೇ ನಿಲ್ಲಿಸಬೇಕು.