ಆಳುವುದು, ಆಳಾಗುವುದು

ಮಳೆ ಹಿಡಿದು ನಾಟಿ ಶುರುವಾದರೆ ಊರೂರಲ್ಲಿ ಕೇಳುವ ಮಾತು, ‘ಆಳೇ ಸಿಗ್ತಿಲ್ಲ’. ಯಾವುದೋ ರಾಜ್ಯದ ಸರ್ಕಾರ ಬಿದ್ದರೆ ಪತ್ರಿಕೆಯಲ್ಲಿ ಕಾಣುವ ಮಾತು, ‘ರಾಷ್ಟ್ರಪತಿ ಆಳ್ವಿಕೆ’. ಎರಡರ ಒಳಗೂ ಇರುವುದು ಆಳು ಎಂಬ ಎರಡೇ ಅಕ್ಷರ. ಒಂದು ಕಡೆ ಕೆಸರಿನಲ್ಲಿ ಬಗ್ಗಿದ ಬೆನ್ನು, ಇನ್ನೊಂದು ಕಡೆ ದೇಶದ ಅತಿ ಎತ್ತರದ ಪೀಠ. ಇಷ್ಟು ದೂರದ ಎರಡು ಬದುಕಿಗೆ ಕನ್ನಡ ಒಂದೇ ಸದ್ದನ್ನು ಕೊಟ್ಟಿದೆಯಲ್ಲ ಎಂದು ನನಗೆ ಇವತ್ತಿಗೂ ಬೆರಗು.

ಹುಟ್ಟಿನಲ್ಲಿ ಇವು ಬೇರೆ ಬೇರೆಯೇ ಇದ್ದಿರಬೇಕು. ತೆಲುಗಿನಲ್ಲಿ ಆಳುವುದಕ್ಕೆ ‘ಏಲು’ ಎನ್ನುತ್ತಾರೆ, ಒಡೆಯ ‘ಏಲಿಕ’. ಕನ್ನಡದ ನಾಲಿಗೆಯ ಮೇಲೆ ಎರಡೂ ಕೂಡಿಕೊಂಡವು. ಕೂಡಿದ ಮೇಲೆ ಜನ ಸುಮ್ಮನಿರಲಿಲ್ಲ, ಜೊತೆಗಿಟ್ಟೇ ಯೋಚಿಸಿದರು. ‘ಆಳಾಗಬಲ್ಲವನು ಅರಸಾಗಬಲ್ಲ’ ಎಂದ ಗಾದೆಗಾರ ಯಾವ ರಾಜನೀತಿ ಓದಿದ್ದನೋ! ಅಪ್ಪಣೆ ಕೊಡುವವನು ಒಮ್ಮೆ ಅಪ್ಪಣೆ ಪಡೆದ ಮೈಯ ದಣಿವನ್ನು ಬಲ್ಲವನಾಗಿರಬೇಕು ಎಂಬುದಕ್ಕಿಂತ ದೊಡ್ಡ ಅರ್ಹತೆಯನ್ನು ನಾನು ಇನ್ನೂ ಕೇಳಿಲ್ಲ.

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ಓದುವಾಗ ಈ ಬೆರಗು ಇನ್ನೂ ಹೆಚ್ಚುತ್ತದೆ. ಮೊದಲು ಚಕ್ರವರ್ತಿಯ ಬಿರುದುಗಳು ಸಾಲುಗಟ್ಟುತ್ತವೆ. ಆಮೇಲೆ ‘ತತ್ಪಾದಪದ್ಮೋಪಜೀವಿ’ ಎಂಬ ಒಂದು ಪದ, ಅಂದರೆ ಅವನ ಪಾದಕಮಲವನ್ನು ನಂಬಿ ಬದುಕುವವನು. ಅಲ್ಲಿಂದ ಮುಂದೆ ಆ ನಂಬಿದವನ ಬಿರುದುಗಳು! ಅವನೋ ಬನವಾಸಿ ಪನ್ನಿರ್ಚ್ಛಾಸಿರವನ್ನು ಆಳುತ್ತಿರುವ ಮಹಾಮಂಡಲೇಶ್ವರ. ಹನ್ನೆರಡು ಸಾವಿರದ ನಾಡಿಗೆ ಒಡೆಯನಾದವನು ಅದೇ ಕಲ್ಲಿನ ಮೇಲೆ, ಅದೇ ಉಸಿರಿನಲ್ಲಿ, ತಾನೊಬ್ಬನ ಆಳು ಎಂದೂ ಬರೆಸಿಕೊಂಡಿದ್ದಾನೆ. ಅದರಲ್ಲಿ ಅವನಿಗೆ ನಾಚಿಕೆ ಇಲ್ಲ, ಹೆಮ್ಮೆಯಿದೆ. ಅವನ ಕೆಳಗೆ ಊರ ಗಾವುಂಡ, ಗಾವುಂಡನ ಕೆಳಗೆ ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಬಿದ್ದ ಕಟ್ಟಾಳು. ಆ ಕಟ್ಟಾಳಿಗೆ ನಿಲ್ಲಿಸಿದ ವೀರಗಲ್ಲಿನ ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲ್ಪಟ್ಟಿಯಲ್ಲಿ ಶಿವಲಿಂಗದ ಪಕ್ಕ ಅವನೇ ಕೂತಿದ್ದಾನೆ. ನಮ್ಮ ಊರಬಾಗಿಲುಗಳಲ್ಲಿ, ಕೆರೆ ಏರಿಗಳಲ್ಲಿ ಇಂಥ ಕಲ್ಲುಗಳು ಇವತ್ತಿಗೂ ನಿಂತಿವೆ. ಹೆಸರೇ ಇಲ್ಲದವೂ ಎಷ್ಟೋ.

ಹಳೆ ಮೈಸೂರಿನವರ ಮಾತಿನಲ್ಲಿ ಇನ್ನೊಂದು ಬಗೆ. 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮೇಲೆ ಅವರನ್ನು ‘ಆಳಿದ ಮಹಾಸ್ವಾಮಿಗಳು’ ಎಂದರು. ಸಾವಿನ ಸುದ್ದಿಯನ್ನು ‘ಆಳಿದ’ ಎಂಬ ಭೂತಕಾಲವೇ ಹೇಳಿಬಿಟ್ಟಿತು. ಆಳುವುದು ನಿಂತಿತು ಎಂದರೆ ಸಾಕು, ಬೇರೇನೂ ಹೇಳಬೇಕಿರಲಿಲ್ಲ.

ಆದರೆ ಈ ಪದದೊಳಗೆ ಕತ್ತಲೆಯೂ ಇದೆ. ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯುತ್ತ ಜೀತದಾಳಾಗಿ ಸವೆದ ಮನೆಗಳು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟು. ಜೀತವನ್ನು ರದ್ದುಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಅವರ ಪಾಲಿಗೆ ಆಳು ಮತ್ತು ಆಳುವವನು ಎಂದೂ ಒಂದಾಗಿರಲಿಲ್ಲ. ಗಾದೆಯ ಸೊಗಸನ್ನು ಹೇಳುವಾಗ ಇದನ್ನು ಮರೆತರೆ ಅದು ಅನ್ಯಾಯ.

ಜೀತಕ್ಕೆ ತೀರಾ ಎದುರಾಗಿ ನಿಲ್ಲುವುದು ಮುಯ್ಯಾಳು. ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಕೂಲಿಯಿಲ್ಲ, ದಿನಕ್ಕೆ ದಿನದ ಲೆಕ್ಕ. ಬೆಳಿಗ್ಗೆ ಕೆಲಸ ಹೇಳುವ ಗದ್ದೆಯ ಯಜಮಾನಿಯೇ ಮರುದಿನ ಪಕ್ಕದ ಗದ್ದೆಯಲ್ಲಿ ಹೇಳಿಸಿಕೊಳ್ಳುವ ಆಳು. ಅಧಿಕಾರವನ್ನು ಸರದಿಯಂತೆ ಹಂಚಿಕೊಳ್ಳುವುದನ್ನು ನಮ್ಮ ರೈತರು ಯಾವ ಸಂವಿಧಾನಕ್ಕೂ ಕಾಯದೆ ಹೀಗೆ ನಡೆಸಿದ್ದರು.

ಪ್ರಜಾಪ್ರಭುತ್ವದಲ್ಲಿಯೂ ಅಂಥದೇ ಒಂದು ಸರದಿ ಇರಬೇಕಿತ್ತು. ಆದರೂ ನಾವು ‘ನಮ್ಮನ್ನು ಆಳುವವರು’ ಎಂದೇ ಮಾತಾಡುತ್ತೇವೆ. ಬದಲಾವಣೆ ಕಂಡದ್ದು ವಿಧಾನಸೌಧದಲ್ಲಿ ಅಲ್ಲ, ಪಂಚಾಯಿತಿಯಲ್ಲಿ ಎಂದು ನನ್ನ ಎಣಿಕೆ. 1987ರ ಚುನಾವಣೆಯಲ್ಲಿ ಕರ್ನಾಟಕದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಕಾಲುಭಾಗ ಮೀಸಲಾತಿ ಬಂತು, 2010ರಲ್ಲಿ ಅದು ಅರ್ಧಕ್ಕೇರಿತು. ಕೂಲಿಯ ಲೆಕ್ಕದಲ್ಲಿ ‘ಹೆಣ್ಣಾಳು’ ಎಂದು ಬರೆಸಿಕೊಂಡು, ಗಂಡಾಳಿಗಿಂತ ಕಡಿಮೆ ಎಣಿಸಿಕೊಂಡ ಹೆಂಗಸರು ಅಧ್ಯಕ್ಷೆಯರಾಗಿ ಕುರ್ಚಿಯಲ್ಲಿ ಕೂತರು. ಬೀದಿ ನಲ್ಲಿಯ ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ಪದದ ಎರಡು ಅರ್ಥವೂ ಒಬ್ಬಳೇ ಹೆಂಗಸಿನಲ್ಲಿ ಕೂಡಿದ್ದು ಹೀಗೆ.

ನಿಮ್ಮೂರಿನಲ್ಲಿ ಮುಂದಿನ ಗ್ರಾಮಸಭೆ ಯಾವಾಗ ಎಂದು ಕೇಳಿಕೊಂಡು ಒಮ್ಮೆ ಹೋಗಿ ಕೂತುಕೊಳ್ಳಿ. ಅಧ್ಯಕ್ಷೆ ಮಾತಾಡುವಾಗ ಅವರ ಗಂಡನ ಕಡೆ ನೋಡದೆ ಅವರನ್ನೇ ಪ್ರಶ್ನೆ ಕೇಳಿ, ಅವರ ಉತ್ತರವನ್ನೇ ಕೇಳಿಸಿಕೊಳ್ಳಿ.